ಚಿನ್ನದ ದರ ದಿನಕ್ಕೊಂದು, ನಾಣ್ಯದ ಬೆಲೆ ವಾರಕ್ಕೊಂದು: ಸರ್ಕಾರಿ ಟಂಕಸಾಲೆಗಳ ಲೆಕ್ಕಾಚಾರ ಹೇಗೆ?

ಚಿನ್ನದ ಅಂಗಡಿಗೆ ಕಾಲಿಟ್ಟರೆ ಮೊದಲು ಕಣ್ಣು ಹೋಗುವುದು ಗೋಡೆಯ ಮೇಲಿನ ದರದ ಬೋರ್ಡ್ ಕಡೆಗೆ. ಇವತ್ತಿನ ಗ್ರಾಂ ದರ ಎಷ್ಟು, ಮೇಕಿಂಗ್ ಚಾರ್ಜ್ ಎಷ್ಟು, ಅದರ ಮೇಲೆ ಜಿಎಸ್‌ಟಿ ಎಷ್ಟು ಎಂಬ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠ. ಆದರೆ ಸರ್ಕಾರವೇ ಟಂಕಿಸಿ, ಚೆಂದದ ಪೆಟ್ಟಿಗೆಯಲ್ಲಿಟ್ಟು, ಪ್ರಮಾಣಪತ್ರದ ಸಮೇತ ಸಂಗ್ರಾಹಕರಿಗೆ ಮಾರುವ ಚಿನ್ನದ ನಾಣ್ಯದ ಕಥೆ ಸ್ವಲ್ಪ ಬೇರೆ. ಅದರ ಮೇಲೆ ಒಂದೇ ಒಂದು ಬೆಲೆ ಇರುತ್ತದೆ. ಅದರಲ್ಲಿ ಚಿನ್ನದ ಪಾಲು ಎಷ್ಟು, ಟಂಕಸಾಲೆಯ ಪಾಲು ಎಷ್ಟು ಎಂದು ಬಿಡಿಸಿ ಬರೆದಿರುವುದಿಲ್ಲ.

ಚಿನ್ನದ ದರ ದಿನಕ್ಕೆ ಹಲವು ಬಾರಿ ಬದಲಾಗುವಾಗ ಈ ಒಂದೇ ಬೆಲೆಯನ್ನು ಟಂಕಸಾಲೆ ನಿಭಾಯಿಸುವುದು ಹೇಗೆ? ದರ ಏರಿದರೆ ನಷ್ಟ ಯಾರಿಗೆ, ಇಳಿದರೆ ಹೊರೆ ಯಾರಿಗೆ? ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಟಂಕಸಾಲೆ, ಅಂದರೆ ಯುಎಸ್ ಮಿಂಟ್, ಒಳ್ಳೆಯ ಉದಾಹರಣೆ. ಏಕೆಂದರೆ ಅದು ತನ್ನ ಬೆಲೆ ನಿಗದಿ ನಿಯಮವನ್ನು ಪಟ್ಟಿ ಸಮೇತ ಬಹಿರಂಗವಾಗಿಯೇ ಇಟ್ಟಿದೆ. ಇಲ್ಲಿದೆ ಪೂರ್ಣ ವಿವರ.

ಒಂದೇ ನಾಣ್ಯ, ಮೂರು ಬೆಲೆ

ಮೊದಲಿಗೆ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಚಿನ್ನದ ನಾಣ್ಯಕ್ಕೆ ಮೂರು ಬೆಲೆಗಳಿರುತ್ತವೆ.

ಮೊದಲನೆಯದು ಮುಖಬೆಲೆ. ಅಮೆರಿಕದ 1 ಔನ್ಸ್ 'ಗೋಲ್ಡ್ ಈಗಲ್' ನಾಣ್ಯದ ಮೇಲೆ 50 ಡಾಲರ್ ಎಂದು ಬರೆದಿದೆ. ಆ ಬೆಲೆಗೆ ಅದನ್ನು ಖರ್ಚು ಮಾಡುವವರು ಯಾರೂ ಇಲ್ಲ. ಅದು ಕಾನೂನಿನ ಲೆಕ್ಕಕ್ಕೆ ಇರುವ ಸಂಖ್ಯೆ ಅಷ್ಟೇ.

ಎರಡನೆಯದು ಲೋಹದ ಬೆಲೆ. ಗೋಲ್ಡ್ ಈಗಲ್‌ನ ಒಟ್ಟು ತೂಕ ಸುಮಾರು 33.93 ಗ್ರಾಂ. 22 ಕ್ಯಾರೆಟ್ ಆಗಿರುವುದರಿಂದ ಅದರಲ್ಲಿ ತಾಮ್ರ, ಬೆಳ್ಳಿಯೂ ಸೇರಿದೆ. ಅಪ್ಪಟ ಚಿನ್ನ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಅಂದಿನ ಮಾರುಕಟ್ಟೆ ದರದಲ್ಲಿ ಅಷ್ಟು ಚಿನ್ನಕ್ಕೆ ಎಷ್ಟಾಗುತ್ತದೋ ಅದೇ ಲೋಹದ ಬೆಲೆ.

ಮೂರನೆಯದು ಟಂಕಸಾಲೆ ನಿಮ್ಮಿಂದ ಪಡೆಯುವ ಮಾರಾಟ ಬೆಲೆ. ಇದು ಯಾವಾಗಲೂ ಲೋಹದ ಬೆಲೆಗಿಂತ ಹೆಚ್ಚಿರುತ್ತದೆ. ಈ ಹೆಚ್ಚುವರಿ ಮೊತ್ತವನ್ನೇ ನಾಣ್ಯ ವ್ಯಾಪಾರದಲ್ಲಿ 'ಪ್ರೀಮಿಯಂ' ಎನ್ನುತ್ತಾರೆ. ನಮ್ಮ ಒಡವೆಯ ಮೇಕಿಂಗ್ ಚಾರ್ಜ್‌ಗೆ ಇದನ್ನು ಹೋಲಿಸಬಹುದು. ಒಡವೆಯನ್ನು ಮರಳಿ ಮಾರುವಾಗ ಮೇಕಿಂಗ್ ಚಾರ್ಜ್ ಹೇಗೆ ಕೈಗೆ ಬರುವುದಿಲ್ಲವೋ, ಈ ಪ್ರೀಮಿಯಂ ಕೂಡ ಮರಳಿ ಬರುತ್ತದೆಂಬ ಖಾತ್ರಿ ಇಲ್ಲ.

ಬುಲಿಯನ್ ನಾಣ್ಯ ಬೇರೆ, ಸಂಗ್ರಹದ ನಾಣ್ಯ ಬೇರೆ

ಯುಎಸ್ ಮಿಂಟ್ ಎರಡು ಬಗೆಯ ಚಿನ್ನದ ನಾಣ್ಯಗಳನ್ನು ತಯಾರಿಸುತ್ತದೆ. ಎರಡಕ್ಕೂ ಬೆಲೆ ಕಟ್ಟುವ ಕ್ರಮ ಬೇರೆ ಬೇರೆ.

ಹೂಡಿಕೆಗೆಂದು ಕೊಳ್ಳುವ ಬುಲಿಯನ್ ನಾಣ್ಯಗಳನ್ನು ಅದು ಜನರಿಗೆ ನೇರವಾಗಿ ಮಾರುವುದಿಲ್ಲ. ಅಧಿಕೃತ ಸಗಟು ಖರೀದಿದಾರರಿಗೆ ಮಾತ್ರ ಕೊಡುತ್ತದೆ. ಬೆಲೆಯೂ ಸರಳ: ಅಂದಿನ ಲಂಡನ್ ಚಿನ್ನದ ದರ, ಅದರ ಮೇಲೆ ಶೇಕಡಾವಾರು ಪ್ರೀಮಿಯಂ. ಗೋಲ್ಡ್ ಈಗಲ್‌ಗೆ ಬಹುಕಾಲ ನಡೆದುಬಂದ ಲೆಕ್ಕ ಹೀಗಿದೆ:

1 ಔನ್ಸ್ ನಾಣ್ಯಕ್ಕೆ ಶೇ. 3
ಅರ್ಧ ಔನ್ಸ್‌ಗೆ ಶೇ. 5
ಕಾಲು ಔನ್ಸ್‌ಗೆ ಶೇ. 7
ಔನ್ಸ್‌ನ ಹತ್ತನೇ ಒಂದು ಭಾಗದ ನಾಣ್ಯಕ್ಕೆ ಶೇ. 9

ನಾಣ್ಯ ಚಿಕ್ಕದಾದಷ್ಟೂ ಪ್ರೀಮಿಯಂ ದೊಡ್ಡದಾಗುತ್ತದೆ. ಚಿಕ್ಕ ನಾಣ್ಯವನ್ನು ಅಚ್ಚೊತ್ತಲು, ಪರೀಕ್ಷಿಸಲು, ಪ್ಯಾಕ್ ಮಾಡಲು ದೊಡ್ಡದರಷ್ಟೇ ಕೆಲಸ ಹಿಡಿಯುತ್ತದೆ. ಆ ಖರ್ಚು ಕಡಿಮೆ ಚಿನ್ನದ ಮೇಲೆ ಬೀಳುತ್ತದೆ. ನಮ್ಮಲ್ಲಿ 1 ಗ್ರಾಂ ನಾಣ್ಯ ಕೊಳ್ಳುವವರಿಗೂ ಈ ಅನುಭವ ಹೊಸದಲ್ಲ.

ಎರಡನೇ ಬಗೆ ಸಂಗ್ರಾಹಕರ ನಾಣ್ಯ. ಕನ್ನಡಿಯಂತೆ ಹೊಳೆಯುವ 'ಪ್ರೂಫ್' ನಾಣ್ಯ, ವಿಶೇಷ ಸಂದರ್ಭಗಳ ಸ್ಮಾರಕ ನಾಣ್ಯ ಎಲ್ಲ ಇದರಲ್ಲಿ ಬರುತ್ತವೆ. ಇವನ್ನು ಮಿಂಟ್ ತನ್ನ ವೆಬ್‌ಸೈಟ್‌ನಲ್ಲಿ ಜನರಿಗೆ ನೇರವಾಗಿ ಮಾರುತ್ತದೆ. ಬೆಲೆ ಕಟ್ಟುವ ತಲೆನೋವು ಇರುವುದು ಇಲ್ಲಿಯೇ. ಗ್ರಾಹಕ ಕಾರ್ಟ್‌ಗೆ ಹಾಕಿ ಹಣ ಕಟ್ಟುವಷ್ಟರಲ್ಲಿ ದರ ಬದಲಾಗುತ್ತಿದ್ದರೆ ಗೊಂದಲ. ದರ ತಿಂಗಳುಗಟ್ಟಲೆ ಬದಲಾಗದೇ ಇದ್ದರೆ ಇನ್ನೂ ದೊಡ್ಡ ಗೊಂದಲ. ಆ ಎರಡನೆಯ ಪಾಠವನ್ನು ಮಿಂಟ್ 2008ರಲ್ಲಿ ಕಲಿತದ್ದು.

2008ರಲ್ಲಿ ಆಗಿದ್ದೇನು?

ಆಗ ಸಂಗ್ರಹದ ನಾಣ್ಯಗಳಿಗೆ ಸ್ಥಿರ ಬೆಲೆ ಇರುತ್ತಿತ್ತು. ಬೆಲೆ ಬದಲಿಸಬೇಕೆಂದರೆ ಸರ್ಕಾರಿ ಗೆಜೆಟ್‌ನಲ್ಲಿ ಅಧಿಸೂಚನೆ ಪ್ರಕಟಿಸಬೇಕಿತ್ತು. ಚಿನ್ನದ ದರ ನಿಧಾನಕ್ಕೆ ಏರಿಳಿಯುತ್ತಿದ್ದ ಕಾಲಕ್ಕೆ ಅದು ಸಾಕಿತ್ತು.

2008ರ ಮಾರ್ಚ್‌ನಲ್ಲಿ ಚಿನ್ನ ಮೊದಲ ಬಾರಿಗೆ ಔನ್ಸ್‌ಗೆ 1,000 ಡಾಲರ್ ದಾಟಿತು. ಅದೇ ವರ್ಷದ ಕೊನೆಯ ಭಾಗದಲ್ಲಿ, ಜಾಗತಿಕ ಆರ್ಥಿಕ ಬಿಕ್ಕಟ್ಟಿನ ನಡುವೆ, 700 ಡಾಲರ್ ಆಸುಪಾಸಿಗೆ ಕುಸಿಯಿತು. ಸ್ಥಿರ ಬೆಲೆಗೆ ಇದು ಎರಡೂ ಕಡೆಯಿಂದ ಪೆಟ್ಟು. ದರ ಏರಿದಾಗ ಟಂಕಸಾಲೆಯ ಹಳೆಯ ಬೆಲೆಯೇ ಅಗ್ಗವಾಗಿ ಕಾಣುತ್ತದೆ. ವ್ಯಾಪಾರಿಗಳು ಕೊಂಡು ಲೋಹದ ಬೆಲೆಗೇ ಮಾರಿ ಲಾಭ ಮಾಡಿಕೊಳ್ಳಬಹುದು. ದರ ಇಳಿದಾಗ ಅದೇ ಹಳೆಯ ಬೆಲೆ ದುಬಾರಿಯಾಗಿ, ಕೊಳ್ಳುವವರೇ ಇರುವುದಿಲ್ಲ.

ಮಿಂಟ್‌ಗೆ ಇದ್ದ ದಾರಿ ಒಂದೇ: ಮಾರಾಟ ನಿಲ್ಲಿಸಿ, ಹೊಸ ಬೆಲೆ ಪ್ರಕಟಿಸಿ, ಮತ್ತೆ ಮಾರಾಟ ತೆರೆಯುವುದು. ನಾಣ್ಯ ಬೇಕೆಂದು ಕಾದಿದ್ದವರಿಗೆ 'ಸದ್ಯಕ್ಕೆ ಲಭ್ಯವಿಲ್ಲ' ಎಂಬ ಉತ್ತರ ಸಿಗುತ್ತಿತ್ತು.

50 ಡಾಲರ್‌ಗೊಂದು ಮೆಟ್ಟಿಲು

2009ರ ಜನವರಿಯಲ್ಲಿ ಹೊಸ ಪದ್ಧತಿ ಬಂತು. ಪ್ರತಿ ಸಲ ಗೆಜೆಟ್ ಅಧಿಸೂಚನೆ ಹೊರಡಿಸುವ ಬದಲು, ಚಿನ್ನದ ದರ ಎಷ್ಟಿದ್ದರೆ ನಾಣ್ಯದ ಬೆಲೆ ಎಷ್ಟು ಎಂಬ ಇಡೀ ಪಟ್ಟಿಯನ್ನೇ ಮುಂಚಿತವಾಗಿ ಪ್ರಕಟಿಸಲಾಯಿತು. ಈ ಪಟ್ಟಿ ಮೆಟ್ಟಿಲಿನ ಹಾಗೆ ಇದೆ. ಚಿನ್ನದ ದರವನ್ನು 50 ಡಾಲರ್‌ಗಳ ಹಂತಗಳಾಗಿ ವಿಂಗಡಿಸಲಾಗಿದೆ. ಉದಾಹರಣೆಗೆ 1,200ರಿಂದ 1,249.99 ಡಾಲರ್ ಒಂದು ಮೆಟ್ಟಿಲು, 1,250ರಿಂದ 1,299.99 ಮುಂದಿನದು. ದರ ಒಂದೇ ಮೆಟ್ಟಿಲಿನೊಳಗೆ ಓಡಾಡುತ್ತಿರುವವರೆಗೆ ನಾಣ್ಯದ ಬೆಲೆ ಬದಲಾಗದು.

ಯಾವ ದರವನ್ನು ಹಿಡಿಯುತ್ತಾರೆ ಎಂಬುದೂ ಮುಖ್ಯ. ಲಂಡನ್ ಮಾರುಕಟ್ಟೆಯಲ್ಲಿ ದಿನಕ್ಕೆ ಎರಡು ಬಾರಿ, ಅಲ್ಲಿನ ಬೆಳಿಗ್ಗೆ 10.30ಕ್ಕೆ ಹಾಗೂ ಮಧ್ಯಾಹ್ನ 3ಕ್ಕೆ, ಹರಾಜಿನ ಮೂಲಕ ಚಿನ್ನದ ದರ ನಿಗದಿಯಾಗುತ್ತದೆ. ಚಳಿಗಾಲದಲ್ಲಿ ನಮ್ಮ ಗಡಿಯಾರಕ್ಕೆ ಅದು ಸಂಜೆ 4 ಮತ್ತು ರಾತ್ರಿ 8.30. ಮಿಂಟ್ ಯಾವುದೋ ಒಂದು ದಿನದ ದರವನ್ನು ಹಿಡಿಯುವುದಿಲ್ಲ. ಗುರುವಾರದಿಂದ ಮುಂದಿನ ಬುಧವಾರದವರೆಗಿನ ಲಂಡನ್ ದರಗಳ ಸರಾಸರಿ ತೆಗೆಯುತ್ತದೆ. ಜೊತೆಗೆ ಬುಧವಾರದ ದರ ಯಾವ ದಿಕ್ಕಿನಲ್ಲಿದೆ ಎಂದೂ ನೋಡುತ್ತದೆ. ಸರಾಸರಿ ಬೇರೆ ಮೆಟ್ಟಿಲಿಗೆ ಹೋಗಿದ್ದರೆ ಬೆಲೆ ಬದಲಾಗುತ್ತದೆ. ಅಂದರೆ ವಾರಕ್ಕೆ ಹೆಚ್ಚೆಂದರೆ ಒಂದು ಬದಲಾವಣೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಚಿನ್ನ 2,000ರಿಂದ 2,049.99 ಡಾಲರ್ ಮೆಟ್ಟಿಲಿನಲ್ಲಿದ್ದಾಗ 1 ಔನ್ಸ್ ಪ್ರೂಫ್ ನಾಣ್ಯದ ಬೆಲೆ 2,500 ಡಾಲರ್ ಎಂದಿಟ್ಟುಕೊಳ್ಳಿ. ಚಿನ್ನ 2,000 ಇರುವಾಗ ಕೊಂಡವರು ಕೊಡುವ ಪ್ರೀಮಿಯಂ 500 ಡಾಲರ್. ಅದೇ ಮೆಟ್ಟಿಲಿನ ತುದಿಯಲ್ಲಿ, ಚಿನ್ನ 2,049 ಇರುವಾಗ ಕೊಂಡವರ ಪ್ರೀಮಿಯಂ 451 ಡಾಲರ್. ಪೆಟ್ಟಿಗೆ ಅದೇ, ನಾಣ್ಯ ಅದೇ, ಬೆಲೆ ಅದೇ. ಆದರೂ 49 ಡಾಲರ್ ವ್ಯತ್ಯಾಸ. ಸರಾಸರಿ 2,050 ಮುಟ್ಟಿದರೆ ಬೆಲೆಯೂ ಒಂದು ಮೆಟ್ಟಿಲು ಹತ್ತುತ್ತದೆ.

ವಾರದ ಅಂತರದಲ್ಲಿ ಲಾಭ ಯಾರಿಗೆ?

ಈ ಪದ್ಧತಿಯಲ್ಲಿ ಒಂದು ವಿಶೇಷವಿದೆ. ಬೆಲೆ ಬದಲಾಗಲಿದೆ ಎಂಬುದು ಯಾರು ಬೇಕಾದರೂ ಮೊದಲೇ ಊಹಿಸಬಹುದಾದ ಸಂಗತಿ. ಲಂಡನ್ ದರ ಬಹಿರಂಗ, ಪಟ್ಟಿಯೂ ಬಹಿರಂಗ. ಹಾಗಾಗಿ ಚಿನ್ನ ಏರುತ್ತಿರುವ ವಾರದಲ್ಲಿ ಅಮೆರಿಕದ ಅನುಭವಿ ಸಂಗ್ರಾಹಕರು ಮಂಗಳವಾರದ ಹೊತ್ತಿಗೇ ಸರಾಸರಿ ಲೆಕ್ಕ ಹಾಕಿ, ಬೆಲೆ ಏರುವ ಮುನ್ನ ಆರ್ಡರ್ ಮಾಡಬಹುದು. ಇಳಿಯುತ್ತಿದ್ದರೆ ಬುಧವಾರ ಕಳೆಯುವವರೆಗೆ ಕಾಯಬಹುದು.

ಲೆಕ್ಕ ಗೊತ್ತಿಲ್ಲದವರು ಇದರ ಉಲ್ಟಾ ಮಾಡುವುದೂ ಉಂಟು. 2013ರ ಏಪ್ರಿಲ್ 12ರ ಶುಕ್ರವಾರ ಮತ್ತು 15ರ ಸೋಮವಾರದ ವಹಿವಾಟಿನಲ್ಲಿ ಚಿನ್ನ ಔನ್ಸ್‌ಗೆ ಸುಮಾರು 200 ಡಾಲರ್ ಕುಸಿದು 1,400ಕ್ಕಿಂತ ಕೆಳಗೆ ಬಿತ್ತು. ಇಂತಹ ವಾರದಲ್ಲಿ ಸರಾಸರಿ ಎಂಬುದು ಗ್ರಾಹಕನ ವಿರುದ್ಧ ಕೆಲಸ ಮಾಡುತ್ತದೆ. ಕುಸಿತಕ್ಕೆ ಮುಂಚಿನ ಗುರುವಾರ, ಶುಕ್ರವಾರದ ಹೆಚ್ಚಿನ ದರಗಳೂ ಸರಾಸರಿಯಲ್ಲಿ ಸೇರಿರುತ್ತವಲ್ಲ! ಮಾರುಕಟ್ಟೆ ಇಳಿದಷ್ಟು ಸರಾಸರಿ ಇಳಿದಿರುವುದಿಲ್ಲ. 'ಚಿನ್ನ ಬಿತ್ತು' ಎಂಬ ಸುದ್ದಿ ಓದಿ ಆತುರಕ್ಕೆ ಬಿದ್ದವರು ನಿಜಕ್ಕೂ ಬೀಳದ ಬೆಲೆಗೆ ಕೊಳ್ಳುವ ಅಪಾಯ ಇರುವುದು ಇಲ್ಲಿ. ಅದೇ ಏಪ್ರಿಲ್‌ನಲ್ಲಿ ಬುಲಿಯನ್ ನಾಣ್ಯಗಳಿಗೂ ಜನ ಮುಗಿಬಿದ್ದರು. ಬೇಡಿಕೆ ತಾಳಲಾರದೆ ಮಿಂಟ್ ಅತಿ ಚಿಕ್ಕ ಗೋಲ್ಡ್ ಈಗಲ್ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಎರಡು ನಾಣ್ಯ, ಎರಡು ಅದೃಷ್ಟ

ಪ್ರೀಮಿಯಂ ಎಷ್ಟು ಭಾರವಾಗಬಲ್ಲದು ಎಂದು ತಿಳಿಯಲು ಎರಡು ನಿಜ ಉದಾಹರಣೆ ಸಾಕು. ಇಲ್ಲಿ ನೋಡುತ್ತಿರುವುದು ಲೋಹದ ಲೆಕ್ಕ ಮಾತ್ರ. ಸಂಗ್ರಾಹಕರ ನಡುವಿನ ಬೆಲೆ ಬೇಡಿಕೆಗೆ ತಕ್ಕಂತೆ ಬೇರೆ ಇರಬಹುದು.

2009ರ ಜನವರಿಯಲ್ಲಿ ಮಿಂಟ್ 'ಅಲ್ಟ್ರಾ ಹೈ ರಿಲೀಫ್ ಡಬಲ್ ಈಗಲ್' ಎಂಬ 1 ಔನ್ಸ್, 24 ಕ್ಯಾರೆಟ್ ನಾಣ್ಯ ಬಿಡುಗಡೆ ಮಾಡಿತು. ಆರಂಭಿಕ ಬೆಲೆ 1,189 ಡಾಲರ್. ಆಗ ಚಿನ್ನ 850 ಡಾಲರ್ ಆಸುಪಾಸಿನಲ್ಲಿತ್ತು. ಪ್ರೀಮಿಯಂ ಸುಮಾರು ಶೇ. 40! ಆದರೆ ಆ ವರ್ಷವಿಡೀ ಚಿನ್ನ ಏರುತ್ತಲೇ ಹೋಗಿ ಡಿಸೆಂಬರ್ ಆರಂಭದಲ್ಲಿ 1,200 ಡಾಲರ್ ದಾಟಿತು. ಮೊದಲ ದಿನ ಕೊಂಡವರ ಪೂರ್ತಿ ಹಣವನ್ನು ಒಂದು ವರ್ಷದೊಳಗೆ ಲೋಹವೇ ತುಂಬಿಕೊಟ್ಟಿತು.

ಇನ್ನೊಂದು 2014ರದು. ಕೆನಡಿ ಹಾಫ್ ಡಾಲರ್‌ನ 50ನೇ ವರ್ಷಕ್ಕೆಂದು ಮುಕ್ಕಾಲು ಔನ್ಸ್ ಚಿನ್ನದ ನಾಣ್ಯ ಆಗಸ್ಟ್ 5ರಂದು ಬಿಡುಗಡೆಯಾಯಿತು. ಬೆಲೆ 1,240 ಡಾಲರ್. ಶಿಕಾಗೋ ಬಳಿಯ ನಾಣ್ಯ ಮೇಳದಲ್ಲಿ ಅದಕ್ಕಾಗಿ ಉದ್ದುದ್ದ ಸಾಲುಗಳು ಕಂಡವು. ಅಂದು ಚಿನ್ನ ಔನ್ಸ್‌ಗೆ 1,300 ಡಾಲರ್‌ಗಿಂತ ತುಸು ಕೆಳಗಿತ್ತು. ಹಾಗಾಗಿ ನಾಣ್ಯದೊಳಗಿನ ಚಿನ್ನದ ಬೆಲೆ ಸುಮಾರು 970 ಡಾಲರ್, ಪ್ರೀಮಿಯಂ ಸುಮಾರು 270 ಡಾಲರ್. ಶೇಕಡಾ ಲೆಕ್ಕದಲ್ಲಿ 28ರ ಆಸುಪಾಸು, ಮೊದಲ ಉದಾಹರಣೆಗಿಂತ ಕಡಿಮೆಯೇ.

ಆದರೆ ಚಿನ್ನ ಈ ಬಾರಿ ಕೈಹಿಡಿಯಲಿಲ್ಲ. ಅದೇ ನವೆಂಬರ್‌ನಲ್ಲಿ 1,200 ಡಾಲರ್‌ಗಿಂತ ಕೆಳಗಿಳಿಯಿತು. 1,240 ಡಾಲರ್ ಕೊಟ್ಟವರ ಹಣ ಲೋಹದ ಲೆಕ್ಕದಲ್ಲೇ ವಾಪಸ್ ಬರಬೇಕಾದರೆ ಚಿನ್ನ ಔನ್ಸ್‌ಗೆ 1,653 ಡಾಲರ್ ಮುಟ್ಟಬೇಕಿತ್ತು. ಅದು ಮುಟ್ಟಿದ್ದು 2020ರ ಫೆಬ್ರವರಿಯಲ್ಲಿ. ಐದೂವರೆ ವರ್ಷದ ಕಾಯುವಿಕೆ, ಅದೂ ಬಡ್ಡಿಯಿಲ್ಲದೆ.

ಎರಡನ್ನೂ ಮಾರಿದ್ದು ಒಂದೇ ಟಂಕಸಾಲೆ. ಬೆಲೆ ಕಟ್ಟಿದ್ದು ಒಂದೇ ಮೆಟ್ಟಿಲು ಪದ್ಧತಿಯಲ್ಲಿ. ಒಬ್ಬರಿಗೆ ಹತ್ತು ತಿಂಗಳಲ್ಲಿ, ಇನ್ನೊಬ್ಬರಿಗೆ ಐದೂವರೆ ವರ್ಷದಲ್ಲಿ ಹಣ ಕೂಡಿಬಂತು. ಆ ವ್ಯತ್ಯಾಸ ತಂದದ್ದು ಚಿನ್ನದ ದರವೇ ಹೊರತು ನಾಣ್ಯದ ಅಂದವಲ್ಲ.

ಪ್ರೀಮಿಯಂ ಹಣ ಎಲ್ಲಿಗೆ ಹೋಗುತ್ತದೆ?

ಪ್ರೂಫ್ ನಾಣ್ಯಕ್ಕೆ ಅಚ್ಚನ್ನು ವಿಶೇಷವಾಗಿ ಮೆರುಗು ಮಾಡಬೇಕು, ಒಂದೇ ನಾಣ್ಯವನ್ನು ಒಂದಕ್ಕಿಂತ ಹೆಚ್ಚು ಬಾರಿ ಒತ್ತಬೇಕು, ಕೈಯಿಂದ ಮುಟ್ಟದಂತೆ ಪರಿಶೀಲಿಸಿ ಪ್ಯಾಕ್ ಮಾಡಬೇಕು. ವಿನ್ಯಾಸ, ಪೆಟ್ಟಿಗೆ, ಪ್ರಚಾರ, ಸಾಗಣೆ ಖರ್ಚುಗಳೂ ಇವೆ. ಉಳಿದದ್ದು ಟಂಕಸಾಲೆಯ ಲಾಭ.

ಅಮೆರಿಕದ ಸ್ಮಾರಕ ನಾಣ್ಯಗಳಲ್ಲಿ ಇನ್ನೊಂದು ಪಾಲೂ ಇದೆ. 5 ಡಾಲರ್ ಮುಖಬೆಲೆಯ ಚಿನ್ನದ ಸ್ಮಾರಕ ನಾಣ್ಯ ಒಂದಕ್ಕೆ ಸಾಮಾನ್ಯವಾಗಿ 35 ಡಾಲರ್ ಸರ್‌ಚಾರ್ಜ್ ಸೇರಿರುತ್ತದೆ. ಸಂಬಂಧಪಟ್ಟ ಕಾನೂನಿನಲ್ಲಿ ಹೆಸರಿಸಿದ ವಸ್ತುಸಂಗ್ರಹಾಲಯಕ್ಕೋ ಸಂಸ್ಥೆಗೋ ಆ ಹಣ ಹೋಗುತ್ತದೆ. ಕೊಂಡವರ ಪಾಲಿಗೆ ಅದು ದೇಣಿಗೆ. ನಾಣ್ಯ ಮರಳಿ ಮಾರುವಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚಿನ್ನ ದುಬಾರಿಯಾದಾಗ ಇಲ್ಲೊಂದು ಕುತೂಹಲದ ಬದಲಾವಣೆಯೂ ಆಗುತ್ತದೆ. ಪ್ರೀಮಿಯಂ 500 ಡಾಲರ್‌ನಲ್ಲೇ ಸ್ಥಿರವಾಗಿದ್ದರೆ, 2,000 ಡಾಲರ್ ಚಿನ್ನದ ಮೇಲೆ ಅದು ಶೇ. 25. ಚಿನ್ನ 4,000 ಆದರೆ ಅದೇ 500 ಡಾಲರ್ ಶೇ. 12.5 ಮಾತ್ರ. ಚಿನ್ನ 2025ರ ಮಾರ್ಚ್‌ನಲ್ಲಿ 3,000 ಡಾಲರ್, ಅಕ್ಟೋಬರ್‌ನಲ್ಲಿ 4,000 ಡಾಲರ್ ದಾಟಿದ ಮೇಲೆ ಈ ಲೆಕ್ಕಕ್ಕೆ ಮಹತ್ವ ಬಂದಿದೆ. ಆದರೆ ಪಟ್ಟಿಯನ್ನೇ ಪರಿಷ್ಕರಿಸುವ ಅಧಿಕಾರ ಟಂಕಸಾಲೆಯ ಕೈಯಲ್ಲೇ ಇದೆ. ಹೀಗಾಗಿ ಹಳೆಯ ಪ್ರೀಮಿಯಂ ಹಾಗೇ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ನಮ್ಮ ದೇಶದಲ್ಲಿ ಹೇಗೆ?

ಭಾರತ ಸರ್ಕಾರದ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತಾ, ಹೈದರಾಬಾದ್ ಮತ್ತು ನೋಯ್ಡಾ. ಇವು ಎಸ್‌ಪಿಎಂಸಿಐಎಲ್ ಎಂಬ ಸರ್ಕಾರಿ ಕಂಪನಿಯಡಿ ಬರುತ್ತವೆ. ಮುಂಬೈನ ಫೋರ್ಟ್ ಪ್ರದೇಶದಲ್ಲಿ ಓಡಾಡುವ ಕನ್ನಡಿಗರಿಗೆ ರಿಸರ್ವ್ ಬ್ಯಾಂಕ್ ಸಮೀಪದ ಟಂಕಸಾಲೆ ಕಟ್ಟಡ ಪರಿಚಿತವೇ. ಚಿನ್ನದ ನಾಣ್ಯಕ್ಕೂ ಮುಂಬೈಗೂ ಹಳೆಯ ನಂಟಿದೆ. 1918ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಬ್ರಿಟನ್ನಿನ ಸವರನ್ ನಾಣ್ಯವನ್ನು ಇಲ್ಲೇ ಟಂಕಿಸಲಾಗಿತ್ತು. ಅದೇ ವರ್ಷ 15 ರೂಪಾಯಿ ಮುಖಬೆಲೆಯ ಚಿನ್ನದ ಮೊಹರು ಕೂಡ ಇಲ್ಲಿ ತಯಾರಾಯಿತು. ಸವರನ್ ತೂಕ 7.988 ಗ್ರಾಂ. ಕರಾವಳಿಯ ಮನೆಗಳಲ್ಲಿ ಇಂದಿಗೂ ಎಷ್ಟು 'ಪವನ್' ಎಂದು ಕೇಳುವ 8 ಗ್ರಾಂ ಲೆಕ್ಕದ ಮೂಲ ಇದೇ ನಾಣ್ಯ.

ಈಗಿನ ವಿಷಯಕ್ಕೆ ಬಂದರೆ, ಅಶೋಕ ಚಕ್ರ ಇರುವ 'ಇಂಡಿಯನ್ ಗೋಲ್ಡ್ ಕಾಯಿನ್' 2015ರ ನವೆಂಬರ್ 5ರಂದು ಬಿಡುಗಡೆಯಾಯಿತು. 5 ಮತ್ತು 10 ಗ್ರಾಂ ನಾಣ್ಯ, 20 ಗ್ರಾಂ ಬಾರ್, 24 ಕ್ಯಾರೆಟ್, ಬಿಐಎಸ್ ಹಾಲ್‌ಮಾರ್ಕ್. ಟಂಕಿಸಿದ್ದು ಸರ್ಕಾರಿ ಟಂಕಸಾಲೆ, ಮಾರಾಟದ ಹೊಣೆ ಎಂಎಂಟಿಸಿಯದು. ಇದಕ್ಕೆ ಮುಖಬೆಲೆ ಇಲ್ಲ, ತೂಕ ಮಾತ್ರ ಇದೆ. ಹೀಗಾಗಿ ಇದರ ಬೆಲೆ ಚಿನ್ನದ ದರದ ಹಿಂದೆಯೇ ಸಾಗುತ್ತದೆ.

ನಮ್ಮಲ್ಲಿ ಚಿನ್ನದ ಬೆಲೆ ನಿರ್ಧರಿಸುವ ಅಂಶಗಳು ಅಮೆರಿಕಕ್ಕಿಂತ ಹೆಚ್ಚು. ಲಂಡನ್ ದರ ಸುಮ್ಮನಿದ್ದರೂ ಡಾಲರ್ ಎದುರು ರೂಪಾಯಿ ಕುಸಿದರೆ ಚಿನ್ನ ಏರುತ್ತದೆ. ಆಮದು ಸುಂಕ ಬದಲಾದರೂ ಅಷ್ಟೇ. 2024ರ ಜುಲೈ ಬಜೆಟ್‌ನಲ್ಲಿ ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿದಾಗ ಚಿನಿವಾರ ಪೇಟೆಯಲ್ಲಿ ದರ ತಕ್ಷಣವೇ ಬಿದ್ದದ್ದು ನೆನಪಿರಬಹುದು. ಅದರ ಮೇಲೆ ಶೇ. 3 ಜಿಎಸ್‌ಟಿ. ಹಿಂದಿನ ದಿನವಷ್ಟೇ ನಾಣ್ಯ ಕೊಂಡವರಿಗೆ ಆ ಇಳಿಕೆಯ ನಷ್ಟವನ್ನು ಯಾವ ಪ್ರಮಾಣಪತ್ರವೂ ತುಂಬಿಕೊಡಲಿಲ್ಲ.

ಕೊಳ್ಳುವ ಮುನ್ನ ಐದು ಪ್ರಶ್ನೆ

ಅಮೆರಿಕದ್ದಾಗಲಿ, ಬ್ರಿಟನ್ನಿನದ್ದಾಗಲಿ, ನಮ್ಮದೇ ಆಗಲಿ, ಸಂಗ್ರಹಕ್ಕೆಂದು ಚಿನ್ನದ ನಾಣ್ಯ ಕೊಳ್ಳುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ನಾಣ್ಯದಲ್ಲಿ ಅಪ್ಪಟ ಚಿನ್ನ ಎಷ್ಟು ಗ್ರಾಂ? ಒಟ್ಟು ತೂಕವನ್ನು ಅಪ್ಪಟ ಚಿನ್ನದ ತೂಕ ಎಂದುಕೊಳ್ಳಬೇಡಿ. 22 ಕ್ಯಾರೆಟ್ ಮತ್ತು 24 ಕ್ಯಾರೆಟ್ ನಡುವೆ ವ್ಯತ್ಯಾಸವಿದೆ.

2. ಇವತ್ತಿನ ದರದಲ್ಲಿ ಆ ಚಿನ್ನಕ್ಕೆ ಎಷ್ಟಾಗುತ್ತದೆ? ಮಾರಾಟ ಬೆಲೆಯಿಂದ ಅದನ್ನು ಕಳೆದರೆ ಉಳಿಯುವುದೇ ಪ್ರೀಮಿಯಂ. ಅದು ಲೋಹದ ಬೆಲೆಯ ಶೇಕಡಾ ಎಷ್ಟು ಎಂದು ನೋಡಿ. ಶೇ. 25 ಎಂದಾದರೆ, ಲೋಹದ ಬೆಲೆಗೆ ಮಾರುವವರಿಗೆ ಅಸಲು ಬರಲು ಚಿನ್ನ ಶೇ. 25 ಏರಬೇಕು.

3. ಬೆಲೆ ಬದಲಾಗುವುದು ಯಾವಾಗ? ಪ್ರತಿದಿನವೇ, ವಾರಕ್ಕೊಮ್ಮೆಯೇ, ಮಾರಾಟ ಮುಗಿಯುವವರೆಗೂ ಒಂದೇ ಬೆಲೆಯೇ? ಆರ್ಡರ್ ಮಾಡಿದ ದಿನದ ಬೆಲೆ ಅನ್ವಯವೋ, ರವಾನಿಸಿದ ದಿನದ್ದೋ?

4. ಮರಳಿ ಕೊಳ್ಳುವವರು ಯಾರು? ನಮ್ಮಲ್ಲಿ ಬ್ಯಾಂಕುಗಳು ಚಿನ್ನದ ನಾಣ್ಯ ಮಾರುತ್ತವೆ, ಆದರೆ ಮರಳಿ ಕೊಳ್ಳುವುದಿಲ್ಲ. ಆಭರಣದ ಅಂಗಡಿಯವರು ನೋಡುವುದು ತೂಕ ಮತ್ತು ಶುದ್ಧತೆಯನ್ನು. ಪೆಟ್ಟಿಗೆಯ ಅಂದಕ್ಕೆ ಅಲ್ಲಿ ಬೆಲೆ ಇಲ್ಲ.

5. ಎಷ್ಟು ನಾಣ್ಯ ಟಂಕಿಸುತ್ತಾರೆ? ಸಂಖ್ಯೆಗೆ ಕಾನೂನಿನ ಮಿತಿ ಇದ್ದು ಬೇಡಿಕೆ ಹೆಚ್ಚಿದ್ದರೆ ಪ್ರೀಮಿಯಂ ಉಳಿಯುವ ಸಾಧ್ಯತೆ ಇದೆ. ಬೇಡಿಕೆ ಇಲ್ಲದಿದ್ದರೆ ನಾಣ್ಯ ಎಷ್ಟೇ ವಿರಳವಾದರೂ ಉಳಿಯುವುದು ಲೋಹದ ಬೆಲೆಯೇ.

ನಾಣ್ಯ ಸಂಗ್ರಹ ಒಳ್ಳೆಯ ಹವ್ಯಾಸ. ಮೊಮ್ಮಗಳ ನಾಮಕರಣಕ್ಕೆ, ಮಗನ ಮೊದಲ ಸಂಬಳದ ನೆನಪಿಗೆ ಒಂದು ಚೆಂದದ ನಾಣ್ಯ ಕೊಳ್ಳುವುದಾದರೆ ಪ್ರೀಮಿಯಂ ಕೊಟ್ಟು ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಅದು ಆ ಸಂತೋಷಕ್ಕೆ ಕೊಟ್ಟ ಬೆಲೆ. ನಾಳೆಯ ಖರ್ಚಿಗೆಂದು ಚಿನ್ನ ಕೂಡಿಡುವುದಾದರೆ ಮಾತ್ರ ಲೆಕ್ಕ ಬೇರೆ. ಆಗ ಪ್ರೀಮಿಯಂ ಅತಿ ಕಡಿಮೆ ಇರುವ ನಾಣ್ಯವನ್ನೇ ಹುಡುಕಿ.